‘ಪೆಥೆಟಿಕ್’: ಕರುಣೆಯಿಂದ ತಾತ್ಸಾರಕ್ಕೆ ಜಾರಿದ ಪದ

ಮನೆಗೆ ಆಧಾರವಾಗಿದ್ದ ವ್ಯಕ್ತಿ ತೀರಿಕೊಂಡ ಮೇಲೆ ಕುಟುಂಬದವರು ಸಹಾಯ ಕೋರಿ ಅರ್ಜಿ ಬರೆಯುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಅದಕ್ಕೆ ತೂಕ ಹೆಚ್ಚು ಎಂಬ ನಂಬಿಕೆಯೂ ಇನ್ನೂ ಹೋಗಿಲ್ಲ. ಹೀಗಾಗಿ ನಾಲ್ಕಕ್ಷರ ಇಂಗ್ಲಿಷ್ ಬಲ್ಲವರನ್ನು ಹಿಡಿದು ಬರೆಸುತ್ತಾರೆ. ಅಂಥ ಅರ್ಜಿಗಳಲ್ಲಿ ಒಂದು ಪದ ಮತ್ತೆ ಮತ್ತೆ ಕಾಣಿಸುತ್ತದೆ. ಅದು ‘ಪೆಥೆಟಿಕ್’. ‘ನಮ್ಮ ಕುಟುಂಬ ಪೆಥೆಟಿಕ್ ಸ್ಥಿತಿಯಲ್ಲಿದೆ, ದಯವಿಟ್ಟು ಪರಿಗಣಿಸಬೇಕು’ ಎಂಬಂತಹ ವಾಕ್ಯ ಬರೆದವರ ಮನಸ್ಸಿನಲ್ಲಿರುವುದು ಒಂದೇ ಅರ್ಥ: ನೋಡಿದವರಿಗೆ ಕರುಳು ಚುರುಕ್ ಎನ್ನಬೇಕು, ಅಂಥ ಸ್ಥಿತಿ.

ಇಲ್ಲಿನ ಕಚೇರಿಯಲ್ಲಿ ಅದನ್ನು ಓದುವ ಅಧಿಕಾರಿಗೂ ಹಾಗೆಯೇ ಅರ್ಥವಾಗುತ್ತದೆ. ತೊಂದರೆ ಇರುವುದು ಆ ಕಾಗದ ಸಮುದ್ರ ದಾಟಿದಾಗ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕುಳಿತು ವಿದ್ಯಾರ್ಥಿವೇತನದ ಅರ್ಜಿ ಓದುವ ಒಬ್ಬ ಯುವಕನಿಗೆ ಇಂದು ‘ಪೆಥೆಟಿಕ್’ ಎಂದರೆ ಮೊದಲು ಹೊಳೆಯುವುದು ಮರುಕವಲ್ಲ, ತಾತ್ಸಾರ. ಸೋತು ಸುಣ್ಣವಾದ ಆಟಗಾರ, ಒಪ್ಪಲಾಗದ ನೆಪ, ಕೈಲಾಗದ ಮನುಷ್ಯ – ಇವೆಲ್ಲ ಅಲ್ಲಿ ‘ಪೆಥೆಟಿಕ್’. ಬಯ್ಯಲು ಬಳಸುವ ಮಾತು ಅದು. ಅರ್ಜಿದಾರ ತನ್ನ ಸಂಕಟ ತೋಡಿಕೊಂಡೆ ಎಂದುಕೊಂಡಿರುತ್ತಾನೆ. ಓದುವವನ ಕಿವಿಗೆ ಆತ ತನ್ನನ್ನು ತಾನೇ ಹೀಗಳೆದುಕೊಂಡಂತೆ ಕೇಳುತ್ತದೆ.

ಒಂದೇ ಪದ ಎರಡು ಕಡೆ ಇಷ್ಟು ದೂರ ಹೋಗಿ ನಿಂತದ್ದು ಹೇಗೆ? ಇದರ ಹಿಂದೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಕಥೆಯಿದೆ. ಅರ್ಜಿ ಬರೆಸಿದವರ ಅರ್ಥ ತಪ್ಪಲ್ಲ, ಹಳೆಯದು ಅಷ್ಟೇ ಎಂಬುದು ಆ ಕಥೆಯಿಂದ ಗೊತ್ತಾಗುತ್ತದೆ.

ಗ್ರೀಕರ ಪೇಥೋಸ್

ಪದದ ಬೇರು ಗ್ರೀಕ್ ಭಾಷೆಯ ‘ಪೇಥೋಸ್’. ಮನುಷ್ಯನಿಗೆ ಹೊರಗಿನಿಂದ ಬಂದೊದಗುವುದು, ಆತ ಅನುಭವಿಸುವುದು, ಅದರಿಂದ ಮನಸ್ಸಿನಲ್ಲಿ ಏಳುವ ಭಾವ – ಇಷ್ಟೂ ಅದರ ಅರ್ಥಗಳು. ನೋವು ಅದರಲ್ಲಿ ಒಂದು ಮಾತ್ರ. ಕೋಪವೂ ಪೇಥೋಸ್, ಭಯವೂ ಪೇಥೋಸ್. ‘ಸಿಂಪಥಿ’ ಎಂಬಲ್ಲಿ, ‘ಅಪಥಿ’ ಎಂಬಲ್ಲಿ, ರೋಗಗಳ ಅಧ್ಯಯನವಾದ ‘ಪೆಥಾಲಜಿ’ಯಲ್ಲಿ, ಕೊನೆಗೆ ನಮ್ಮ ಬೀದಿ ಬೀದಿಯ ‘ಹೋಮಿಯೋಪಥಿ’ ದವಾಖಾನೆಯ ಬೋರ್ಡಿನಲ್ಲಿ ಕೂಡ ಇರುವುದು ಇದೇ ಬೇರು.

ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ತನ್ನ ‘ರೆಟರಿಕ್’ ಗ್ರಂಥದಲ್ಲಿ ಕೇಳುಗರನ್ನು ಒಪ್ಪಿಸಲು ಮೂರು ದಾರಿಗಳನ್ನು ಹೇಳಿದ. ಮಾತಾಡುವವನ ನಡತೆಯ ಮೇಲಿನ ವಿಶ್ವಾಸ, ಮಾತಿನಲ್ಲಿರುವ ತರ್ಕ, ಮೂರನೆಯದು ಕೇಳುವವರ ಮನಸ್ಸಿನಲ್ಲಿ ಎಬ್ಬಿಸುವ ಭಾವ, ಅಂದರೆ ಪೇಥೋಸ್. ಅದೇ ಗ್ರಂಥದ ಎರಡನೆಯ ಭಾಗದಲ್ಲಿ ಆತ ಕರುಣೆಯ ಬಗ್ಗೆ ಒಂದು ಸೂಕ್ಷ್ಮವಾದ ಮಾತು ಹೇಳಿದ್ದಾನೆ. ಅರ್ಹನಲ್ಲದವನಿಗೆ ಕೇಡು ಬಂದಾಗ ನಮಗಾಗುವ ನೋವೇ ಕರುಣೆ. ಆದರೆ ಆ ಕೇಡು ನಮಗೂ ನಮ್ಮವರಿಗೂ ಬರಬಹುದಾದಂಥದ್ದು ಎಂಬ ಅರಿವು ಇದ್ದರೆ ಮಾತ್ರ ಅದು ಹುಟ್ಟುತ್ತದೆ ಎಂಬುದು ಆ ಮಾತಿನ ಸಾರಾಂಶ. ತನಗೆಂದೂ ಕಷ್ಟ ಬಾರದು ಎಂದು ಬೀಗುವವನಿಗೆ ಕರುಣೆ ಬರುವುದಿಲ್ಲ ಎಂದೂ ಆತ ಗುರುತಿಸಿದ್ದಾನೆ. ಪದದ ಮುಂದಿನ ಗತಿ ತಿಳಿಯಲು ಈ ಮಾತು ನೆನಪಿರಬೇಕು.

ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಫ್ರೆಂಚಿಗೆ, ಫ್ರೆಂಚಿನಿಂದ 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಈ ವಿಶೇಷಣ ಬಂತು. ಆಗ ಅದಕ್ಕೆ ಗೌರವದ ಸ್ಥಾನ. ‘ಪೆಥೆಟಿಕ್ ಭಾಷಣ’ ಎಂದರೆ ಕೇಳುಗರ ಅಂತಃಕರಣವನ್ನು ಕಲಕುವ ಭಾಷಣ. ‘ಪೆಥೆಟಿಕ್ ಕವಿ’ ಎಂದರೆ ಓದುಗರ ಕಣ್ಣಲ್ಲಿ ನೀರು ತರಿಸಬಲ್ಲ ಸಮರ್ಥ ಕವಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಪ್ರಸಿದ್ಧ ನಿಘಂಟಿನಲ್ಲಿಯೂ ಭಾವವನ್ನು ತಟ್ಟುವ, ಮನ ಕಲಕುವ ಎಂಬ ಅರ್ಥವೇ ಇದೆ. ತಾತ್ಸಾರದ ಸುಳಿವೂ ಇಲ್ಲ. ಶೇಕ್ಸ್‌ಪಿಯರ್ ಮಾತ್ರ ಕಿಲಾಡಿ. ಪದ ಇನ್ನೂ ಹೊಸದಾಗಿದ್ದಾಗಲೇ ಅದರ ‘ಪೆಥೆಟಿಕಲ್’ ಎಂಬ ರೂಪವನ್ನು ಎರಡು ಹಾಸ್ಯನಾಟಕಗಳಲ್ಲಿ, ‘ಲವ್ಸ್ ಲೇಬರ್ಸ್ ಲಾಸ್ಟ್’ ಮತ್ತು ‘ಆ್ಯಸ್ ಯು ಲೈಕ್ ಇಟ್’ನಲ್ಲಿ, ನಗಿಸಲು ಬಳಸಿಕೊಂಡ.

ಈ ಪದ ವೈದ್ಯರ ಕೈಗೂ ಸಿಕ್ಕಿತ್ತು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಕಣ್ಣಿನ ಒಂದು ಸ್ನಾಯುವಿಗೆ ಹೋಗುವ ತೆಳುವಾದ ನರಕ್ಕೆ ‘ಪೆಥೆಟಿಕ್’ ನರ ಎಂಬ ಹೆಸರು ಕೊಟ್ಟ. ಭಾವ ಉಕ್ಕಿದಾಗ ಕಣ್ಣು ಹೊರಳುವುದಕ್ಕೆ ಅದೇ ಕಾರಣ ಎಂಬುದು ಆ ಕಾಲದ ತಿಳಿವಳಿಕೆ. ಇಂದಿನ ವೈದ್ಯ ವಿದ್ಯಾರ್ಥಿಗಳು ಅದನ್ನು ‘ಟ್ರಾಕ್ಲಿಯರ್’ ನರ ಎಂದು ಓದುತ್ತಾರೆ. ಮಿದುಳಿನಿಂದ ಹೊರಡುವ ನರಗಳಲ್ಲಿ ನಾಲ್ಕನೆಯದು. ಹಳೆಯ ಪುಸ್ತಕಗಳಲ್ಲಿ ಮಾತ್ರ ಅದು ಇನ್ನೂ ಭಾವುಕ ನರವಾಗಿಯೇ ಉಳಿದಿದೆ.

ಸಂಗೀತದಲ್ಲಿ ಉಳಿದ ಮಾನ

ಪದದ ಹಳೆಯ ಮಾನ ಇಂದಿಗೂ ಮುಕ್ಕಾಗದೆ ಉಳಿದಿರುವುದು ಪಾಶ್ಚಾತ್ಯ ಸಂಗೀತದಲ್ಲಿ. ಬೀಥೋವನ್ನನ ಪಿಯಾನೋ ಸೊನಾಟಾಗಳಲ್ಲಿ ಎಂಟನೆಯದು 1799ರಲ್ಲಿ ಪ್ರಕಟವಾದದ್ದು ‘ಪಥೆಟೀಕ್’ ಎಂಬ ಫ್ರೆಂಚ್ ಹೆಸರಿನಲ್ಲಿ. ರಷ್ಯಾದ ಚೈಕೋವ್‌ಸ್ಕಿಯ ಆರನೆಯ ಹಾಗೂ ಕೊನೆಯ ಸಿಂಫನಿಗೂ ಅದೇ ಹೆಸರು. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದರ ಮೊದಲ ಪ್ರಯೋಗವನ್ನು ಆತನೇ ನಿರ್ದೇಶಿಸಿದ. ಒಂಬತ್ತು ದಿನಗಳಲ್ಲಿ ತೀರಿಕೊಂಡ. ರಷ್ಯನ್ ಭಾಷೆಯಲ್ಲಿ ಆ ಹೆಸರಿಗೆ ಭಾವೋತ್ಕಟ ಎಂಬ ಅರ್ಥವಿದೆ. ಮರುಕ ಹುಟ್ಟಿಸುವ ಎಂಬುದಲ್ಲ, ಹೀನ ಎಂಬುದಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಕಾರ್ಯಕ್ರಮ ಪಟ್ಟಿಗಳಲ್ಲಿ ಒಂದು ಕಾಲಕ್ಕೆ ಅದನ್ನು ‘ಪೆಥೆಟಿಕ್ ಸಿಂಫನಿ’ ಎಂದೇ ಅಚ್ಚು ಹಾಕುತ್ತಿದ್ದರು. ಇಂದು ಹಾಗೆ ಹಾಕಿದರೆ ಸಭೆಯಲ್ಲಿ ಕಿಸಕ್ಕೆಂದು ನಗು ಏಳಬಹುದು. ಆದ್ದರಿಂದ ಇಂಗ್ಲಿಷರು ಕೂಡ ಅದನ್ನು ಫ್ರೆಂಚ್ ರೂಪದಲ್ಲಿಯೇ ಬಿಟ್ಟಿದ್ದಾರೆ.

ಯೂರೋಪಿನ ಬೇರೆ ಭಾಷೆಗಳಲ್ಲಿ ಈ ಪದದ ಗತಿ ಒಂದೇ ಬಗೆಯಾಗಿಲ್ಲ. ಫ್ರೆಂಚಿನಲ್ಲಿ ಮನ ಕಲಕುವ ಎಂಬ ಅರ್ಥ ಇನ್ನೂ ಜೀವಂತ. ಜರ್ಮನ್ನರಿಗೆ ಅದು ಅತಿ ಗಂಭೀರ, ಆಡಂಬರದ ಭಾವಾವೇಶ. ಜರ್ಮನ್ ವಿಮರ್ಶಕ ‘ಪೆಥೆಟಿಶ್’ ಎಂದದ್ದನ್ನು ಇಂಗ್ಲಿಷಿಗೆ ‘ಪೆಥೆಟಿಕ್’ ಎಂದು ತಿರುಗಿಸಿದರೆ ಬೇರೆಯೇ ರಗಳೆ ಆದೀತು.

ಸಾಹಿತ್ಯದ ವಿದ್ಯಾರ್ಥಿಗಳು ಮುಗ್ಗರಿಸುವ ಇನ್ನೊಂದು ಜಾಗ ‘ಪೆಥೆಟಿಕ್ ಫ್ಯಾಲಸಿ’. ಜಾನ್ ರಸ್ಕಿನ್ 1856ರಲ್ಲಿ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ ಈ ಪಾರಿಭಾಷಿಕವನ್ನು ಹುಟ್ಟುಹಾಕಿದ. ಸಮುದ್ರದ ನೊರೆಯನ್ನು ಕ್ರೂರವೆಂದು ಕರೆದ ಒಂದು ಕವಿತೆಯನ್ನು ಎತ್ತಿಕೊಂಡು, ನೊರೆಗೆಲ್ಲಿಯ ಕ್ರೌರ್ಯ, ದುಃಖದಿಂದ ಕಂಗೆಟ್ಟ ಮನಸ್ಸಿಗೆ ಅದು ಹಾಗೆ ಕಾಣುತ್ತದೆ ಅಷ್ಟೆ ಎಂದ. ಇಲ್ಲಿ ‘ಪೆಥೆಟಿಕ್’ ಎಂದರೆ ‘ಭಾವದಿಂದ ಹುಟ್ಟಿದ’ ಎಂದು ಅರ್ಥ. ಪರೀಕ್ಷೆಗೆ ಓದುವ ಹುಡುಗರು ಅದನ್ನು ‘ದಡ್ಡತನದ ತಪ್ಪು’ ಎಂದುಕೊಂಡರೆ ರಸ್ಕಿನ್‌ಗೆ ಅನ್ಯಾಯ.

ರಸ್ಕಿನ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಕಾಳಿದಾಸ ಈ ವಿಷಯ ಎತ್ತಿದ್ದ. ‘ಮೇಘದೂತ’ದ ಯಕ್ಷ ಹೆಂಡತಿಗೆ ಸಂದೇಶ ಕಳಿಸಲು ಮೋಡವನ್ನು ಬೇಡುತ್ತಾನೆ. ಹೊಗೆ, ಬೆಳಕು, ನೀರು, ಗಾಳಿಗಳ ಮುದ್ದೆಯಾದ ಮೋಡಕ್ಕೆ ಸಂದೇಶ ಒಯ್ಯಲು ಬಂದೀತೇ ಎಂದು ಓದುಗ ಕೇಳುವ ಮೊದಲೇ ಕವಿ ಉತ್ತರ ಕೊಡುತ್ತಾನೆ: ವಿರಹದಿಂದ ಬೆಂದವರಿಗೆ ಜೀವವಿರುವುದು ಯಾವುದು, ಇಲ್ಲದ್ದು ಯಾವುದು ಎಂಬ ವಿವೇಚನೆ ಇರುವುದಿಲ್ಲ. ಅಂಥವರಿಗೆ ಕಾಳಿದಾಸ ಬಳಸಿದ ಪದ ‘ಕೃಪಣ’. ಕನ್ನಡದಲ್ಲಿ ಕೃಪಣ ಎಂದರೆ ಜಿಪುಣ! ಹೆಂಡತಿಗಾಗಿ ಕಣ್ಣೀರಿಡುವ ಯಕ್ಷ ಜಿಪುಣನಾದದ್ದು ಹೇಗೆ ಎಂಬುದನ್ನು ಸ್ವಲ್ಪ ಮುಂದೆ ನೋಡೋಣ.

ಜಾರಿಕೆ ಎಲ್ಲಿ ಶುರುವಾಯಿತು?

18ನೇ ಶತಮಾನದಲ್ಲಿ ‘ಪೆಥೆಟಿಕ್’ನ ಅರ್ಥ ಕಿರಿದಾಗತೊಡಗಿತು. ಎಲ್ಲ ಭಾವಗಳನ್ನೂ ಕಲಕುವ ಎಂಬುದು ಹೋಗಿ ಮರುಕವೊಂದನ್ನೇ ಹುಟ್ಟಿಸುವ ಎಂಬಲ್ಲಿಗೆ ಬಂತು. ಇದು ದೊಡ್ಡ ಬದಲಾವಣೆಯಂತೆ ಕಾಣದಿರಬಹುದು. ಆದರೆ ಇದರ ಜೊತೆಗೆ ಇನ್ನೊಂದು ಪಲ್ಲಟ ಸದ್ದಿಲ್ಲದೆ ನಡೆಯಿತು. ಮೊದಲು ಪೆಥೆಟಿಕ್ ಆಗಿದ್ದದ್ದು ಮಾತು, ಹಾಡು, ನಾಟಕದ ದೃಶ್ಯ. ಅಂದರೆ ಕಲಕುವ ಶಕ್ತಿ ಇದ್ದದ್ದು. ಆಮೇಲೆ ಪೆಥೆಟಿಕ್ ಆದದ್ದು ಕಷ್ಟದಲ್ಲಿರುವ ಮನುಷ್ಯ. ವಿಶೇಷಣ ಹಾಡನ್ನು ಬಿಟ್ಟು ಹಾಡಿನೊಳಗಿನ ದುಃಖಿಯ ಮೈಗೆ ಅಂಟಿಕೊಂಡಿತು. ಹಾಡು ಪೆಥೆಟಿಕ್ ಎಂದಾಗ ಕೇಳುಗ ತನ್ನೆದೆಯನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಮನುಷ್ಯ ಪೆಥೆಟಿಕ್ ಎಂದಾಗ ದೂರ ನಿಂತು ಬೆರಳು ತೋರಿಸುತ್ತಾನೆ. ಎಲ್ಲ ಅನಾಹುತಕ್ಕೂ ಮೂಲ ಇದೇ ಎನ್ನಬೇಕು.

ಅತಿಯಾದರೆ ಅಮೃತವೂ ವಿಷ ಎಂಬಂತೆ, ಕಣ್ಣೀರಿನ ಸಾಹಿತ್ಯ ಅತಿಯಾದದ್ದೂ ಒಂದು ಕಾರಣ. ಡಿಕನ್ಸ್ 1840–41ರಲ್ಲಿ ಕಂತುಗಳಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ ಕಾದಂಬರಿಯಲ್ಲಿ ಪುಟ್ಟ ನೆಲ್ ಎಂಬ ಹುಡುಗಿ ಸಾಯುತ್ತಾಳೆ. ಅಂದಿನ ಓದುಗರು ಸ್ವಂತ ಮಗಳು ಸತ್ತಷ್ಟೇ ಅತ್ತರು. ಅದೇ ಶತಮಾನ ಮುಗಿಯುವ ಹೊತ್ತಿಗೆ ಅಭಿರುಚಿ ತಲೆಕೆಳಗಾಗಿತ್ತು. ನೆಲ್‌ಳ ಸಾವನ್ನು ಓದಿ ನಗದಿರಬೇಕಾದರೆ ಕಲ್ಲೆದೆ ಬೇಕು ಎಂಬರ್ಥದ ಕುಹಕ ಆಸ್ಕರ್ ವೈಲ್ಡ್‌ನ ಹೆಸರಿನಲ್ಲಿ ಪ್ರಚಲಿತವಾಗಿದೆ. ಮೊಮ್ಮಕ್ಕಳ ಕಾಲಕ್ಕೆ ಅಜ್ಜಂದಿರ ಕಣ್ಣೀರು ನಗೆಯ ವಸ್ತುವಾಯಿತು. 1930ರ ದಶಕದ ಹೊತ್ತಿಗೆ ‘ಪೆಥೆಟಿಕ್’ ಆಡುಮಾತಿನಲ್ಲಿ ‘ನಗೆಪಾಟಲು, ಕೈಲಾಗದ’ ಎಂಬ ಅರ್ಥ ಪಡೆದಿತ್ತು. ಹಳೆಯ ಅರ್ಥ ಸಾಯಲಿಲ್ಲ. ಹೊಸದು ಅದರ ಮೇಲೆ ಕುಳಿತುಬಿಟ್ಟಿತು.

ಇಂಗ್ಲಿಷಿನಲ್ಲಿ ಈ ಪದ ಒಂಟಿಯೇನಲ್ಲ. ‘ಪಿಟಿಫುಲ್’ ಎಂದರೆ ಮೊದಲು ಕರುಣೆ ತುಂಬಿದವನು. 1611ರ ಇಂಗ್ಲಿಷ್ ಬೈಬಲ್ ದೇವರನ್ನೇ ಆ ಪದದಿಂದ ಕರೆದಿದೆ. ಇಂದು ಹಾಗೆ ಕರೆದರೆ ದೈವನಿಂದೆಯಾದೀತು. ‘ಸಿಲ್ಲಿ’ ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ಧನ್ಯ, ಸುಖಿ ಎಂಬಲ್ಲಿ ಹೊರಟು, ಮುಗ್ಧ, ಪಾಪದವನು ಎಂಬ ನಿಲ್ದಾಣಗಳಲ್ಲಿ ನಿಂತು, ಪೆದ್ದ ಎಂಬಲ್ಲಿಗೆ ಬಂದು ಮುಟ್ಟಿತು. ‘ರೆಚ್’ ಎಂದರೆ ಮೂಲದಲ್ಲಿ ಗಡೀಪಾರಾದವನು. ಆಮೇಲೆ ದಿಕ್ಕಿಲ್ಲದವನು, ಕೊನೆಗೆ ನೀಚ. ವಿಚಿತ್ರವೆಂದರೆ ಅದೇ ಪದದ ಜರ್ಮನ್ ಸೋದರ ‘ರೆಕೆ’ಗೆ ವೀರ ಎಂಬ ಅರ್ಥ ಬಂತು. ಊರು ಬಿಟ್ಟು ಹೋದವನನ್ನು ಒಂದು ನಾಡು ನೀಚನೆಂದಿತು, ಇನ್ನೊಂದು ನಾಡು ವೀರನೆಂದಿತು.

ನಮ್ಮ ಮನೆಯ ದೋಸೆಯೂ ತೂತೇ

ಇದನ್ನೆಲ್ಲ ಓದಿ ಇಂಗ್ಲಿಷರು ಕಲ್ಲೆದೆಯವರು ಎಂದುಕೊಳ್ಳುವ ಮೊದಲು ಕನ್ನಡದ ಕಡೆ ಒಮ್ಮೆ ನೋಡಬೇಕು. ಮೇಲೆ ಹೇಳಿದ ಗಡೀಪಾರಾದವನಿಗೆ ನಮ್ಮಲ್ಲಿ ತದ್ರೂಪಿ ಇದ್ದಾನೆ. ಆತ ‘ಪರದೇಶಿ’. ಬೇರೆ ದೇಶದವನು ಎಂಬ ನೇರ ಅರ್ಥದಿಂದ ಹೊರಟ ಪದ ಹಿಂದೆ ಮುಂದೆ ಯಾರೂ ಇಲ್ಲದ ಅನಾಥನಾಗಿ, ಜಗಳದಲ್ಲಿ ಬೈಗುಳವೂ ಆಯಿತು. ‘ದರಿದ್ರ’ ಎಂದರೆ ಬಡವ. ಅದರಷ್ಟಕ್ಕೆ ಅದು ಅಪರಾಧವೇನಲ್ಲ. ಆದರೆ ‘ದರಿದ್ರದವನೇ’ ಎಂದು ಕೂಗಿದರೆ ಅದು ಬಡತನದ ವರದಿಯಲ್ಲ ಎಂಬುದು ಎಲ್ಲರಿಗೂ ಗೊತ್ತು. ಈ ಪದವನ್ನು ಮೇಲೆತ್ತುವ ಒಂದು ಪ್ರಯತ್ನ ನಡೆದಿತ್ತು. ವಿವೇಕಾನಂದರು ಬಳಸಿದ, ಗಾಂಧೀಜಿ ದೇಶಕ್ಕೆಲ್ಲ ಪರಿಚಯಿಸಿದ ‘ದರಿದ್ರನಾರಾಯಣ’ ಎಂಬ ಮಾತಿನಲ್ಲಿ ಬಡವ ದೇವರಾಗಿದ್ದ. ಭಾಷಣಗಳಲ್ಲಿ ಆ ಮಾತು ನಿಂತಿತು. ಬೀದಿಯಲ್ಲಿ ಹಳೆಯದೇ ಗೆದ್ದಿತು.

ಎಲ್ಲಕ್ಕಿಂತ ಕಟುವಾದ ಉದಾಹರಣೆ ‘ಮುಂಡೆ’. ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದ ಕಾಲದ ಪದ ಅದು. ಊರಿನಲ್ಲಿ ಅತ್ಯಂತ ಕನಿಕರಕ್ಕೆ ಪಾತ್ರಳಾಗಬೇಕಿದ್ದವಳು ಯಾರೋ, ಅವಳ ಹೆಸರೇ ಊರಿನ ಬೈಗುಳವಾಯಿತು. ಅವಳ ಮಗನೂ ಬೈಗುಳವಾದ. ತಲೆ ಬೋಳಿಸುವ ಪದ್ಧತಿ ಹೋದರೂ ಪದ ಹೋಗಿಲ್ಲ. ಮಗುವನ್ನು ಎತ್ತಿ ಮುದ್ದಾಡುತ್ತ ಅಜ್ಜಿ ‘ಮುದ್ದು ಮುಂಡೇದು’ ಎನ್ನುವಾಗ ಅದರ ಮೂಲ ಯಾರಿಗೂ ನೆನಪಾಗುವುದಿಲ್ಲ.

ಈಗ ಕೃಪಣನ ಸರದಿ. ‘ಕೃಪೆ’ ಮತ್ತು ‘ಕೃಪಣ’ ಒಂದೇ ಬಳಗದ ಪದಗಳು. ಸಂಸ್ಕೃತದಲ್ಲಿ ಕೃಪಣ ಎಂದರೆ ಮೊದಲು ಕೃಪೆಗೆ ಯೋಗ್ಯನಾದವನು, ದೀನ. ಕಾಳಿದಾಸನ ಯಕ್ಷ ಈ ಅರ್ಥದಲ್ಲಿಯೇ ಕೃಪಣ. ಭಗವದ್ಗೀತೆಯಲ್ಲಿ ಅರ್ಜುನ ತನಗೆ ‘ಕಾರ್ಪಣ್ಯ’ ಬಂದಿದೆ ಎಂದು ಒಪ್ಪಿಕೊಳ್ಳುವಾಗ ಆತ ಹೇಳುತ್ತಿರುವುದು ಜಿಪುಣತನದ ಬಗ್ಗೆ ಅಲ್ಲ, ಎದೆಗುಂದಿದ ದೈನ್ಯದ ಬಗ್ಗೆ. ಕ್ರಮೇಣ ದೀನನಂತೆ ಬದುಕುವವನು, ಇದ್ದರೂ ಉಣ್ಣದವನು ಕೃಪಣನಾದ. ಲ್ಯಾಟಿನ್ನಿನಲ್ಲಿ ನಡೆದದ್ದೂ ಇದೇ. ಅಲ್ಲಿ ‘ಮಿಸೆರ್’ ಎಂದರೆ ದುಃಖಿ, ದೀನ. ಇಂಗ್ಲಿಷಿಗೆ ಬಂದು ಅದು ‘ಮೈಸರ್’ ಆಯಿತು, ಅಂದರೆ ಜಿಪುಣ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳು ಎರಡು ನಾಡುಗಳಲ್ಲಿ ಒಂದೇ ದಾರಿಯಲ್ಲಿ ನಡೆದು ಒಂದೇ ಬಾಗಿಲು ತಟ್ಟಿದವು. ಇನ್ನೂ ಸೋಜಿಗವೆಂದರೆ ಎರಡೂ ಕಡೆ ಹಳೆಯ ಅರ್ಥ ನೆಂಟರ ಮನೆಯಲ್ಲಿ ಬದುಕಿದೆ. ಇಂಗ್ಲಿಷಿನ ‘ಮಿಸರಿ’ ಇಂದಿಗೂ ಸಂಕಟವೇ. ಕನ್ನಡದ ‘ಕಷ್ಟಕಾರ್ಪಣ್ಯ’ದಲ್ಲಿರುವ ಕಾರ್ಪಣ್ಯವೂ ಸಂಕಟವೇ.

ಹಿಮ್ಮುಖವಾಗಿ ನಡೆದ ಪದ ಒಂದಾದರೂ ಇದೆಯೇ? ಇದೆ. ಅದು ‘ಪಾಪ’. ಸಂಸ್ಕೃತದಲ್ಲಿ ಕೆಟ್ಟ ಕೆಲಸ ಎಂಬ ಅರ್ಥದ್ದು ಕನ್ನಡಿಗರ ಬಾಯಲ್ಲಿ ‘ಅಯ್ಯೋ ಪಾಪ’ ಎಂಬ ಮರುಕವಾಯಿತು. ಪಾಪದವನು ಎಂದರೆ ಪಾಪ ಮಾಡಿದವನಲ್ಲ, ಸಾಧು. ಹಿಂದೆಂದೋ ಮಾಡಿದ ಪಾಪದ ಫಲವನ್ನು ಈಗ ಅನುಭವಿಸುತ್ತಿದ್ದಾನೆ ಎಂಬ ಭಾವನೆಯಿಂದ ಈ ಅರ್ಥ ಹುಟ್ಟಿರಬೇಕು. ಹಾಗಿದ್ದರೆ ಆ ಮರುಕದೊಳಗೂ ಒಂದು ಸಣ್ಣ ಆರೋಪ ಅಡಗಿದೆ. ಆದರೂ ಮಳೆಯಲ್ಲಿ ನೆನೆದ ಬೆಕ್ಕಿನ ಮರಿಯನ್ನು ಕಂಡು ‘ಪಾಪ’ ಎನ್ನುವಾಗ ಯಾರೂ ಅದರ ಪೂರ್ವಜನ್ಮದ ಲೆಕ್ಕ ತೆಗೆಯುವುದಿಲ್ಲ.

ಇನ್ನು ಪತ್ರಿಕೆಗಳ ಭಾಷೆ. ‘ಪೆಥೆಟಿಕ್’ಗೆ ಸಮನಾಗಿ ನಾವು ಬಳಸುವ ‘ಕರುಣಾಜನಕ’, ‘ಶೋಚನೀಯ’ ಎಂಬ ಪದಗಳು ಅದೇ ಜಾರುಬಂಡೆಯ ಮೇಲೆ ಕುಳಿತಿವೆ. ಶೋಚನೀಯ ಎಂದರೆ ಶೋಕಿಸಬೇಕಾದದ್ದು. ಇಂದು ರಸ್ತೆಯ ಗುಂಡಿ ಶೋಚನೀಯ, ಬಸ್ ನಿಲ್ದಾಣದ ಶೌಚಾಲಯ ಶೋಚನೀಯ, ಕ್ರಿಕೆಟ್ ತಂಡದ ಬ್ಯಾಟಿಂಗ್ ಕರುಣಾಜನಕ. ಗುಂಡಿಗಾಗಿ ಯಾರೂ ಶೋಕಿಸುವುದಿಲ್ಲ, ಗುತ್ತಿಗೆದಾರನನ್ನು ಬಯ್ಯುತ್ತಾರೆ. ಪ್ರತಿ ಅಪಘಾತವೂ ‘ಹೃದಯವಿದ್ರಾವಕ’ವಾದರೆ ನಿಜವಾಗಿಯೂ ಹೃದಯ ಕರಗಿಸುವ ಘಟನೆ ನಡೆದ ದಿನ ಬರೆಯಲು ಪದ ಉಳಿಯುವುದಿಲ್ಲ. ವರದಿಗಾರರು ಇದನ್ನು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಜೊತೆಗೆ ನಡುಗುವುದು

ಕರುಣೆಯ ಪದಗಳಲ್ಲಿ ಇನ್ನೂ ಮಾನ ಉಳಿಸಿಕೊಂಡಿರುವುದು ‘ಅನುಕಂಪ’. ಕಂಪ ಎಂದರೆ ನಡುಕ. ಅನುಕಂಪ ಎಂದರೆ ಇನ್ನೊಬ್ಬ ನಡುಗುವಾಗ ಜೊತೆಗೆ ನಡುಗುವುದು. ಗ್ರೀಕರ ‘ಸಿಂಪಥಿ’, ಅಂದರೆ ಜೊತೆಗೆ ಅನುಭವಿಸುವುದು, ಇದರ ಖಾಸಾ ಅಕ್ಕ. ಈ ಪದ ನೋಡುವವನ ಮೈಯಲ್ಲಿ ಆಗುವುದನ್ನು ಹೇಳುತ್ತದೆಯೇ ಹೊರತು ಕಷ್ಟದಲ್ಲಿರುವವನಿಗೆ ಹಣೆಪಟ್ಟಿ ಹಚ್ಚುವುದಿಲ್ಲ. ಅದು ಕೆಡದೆ ಉಳಿದದ್ದಕ್ಕೆ ಇದೇ ಕಾರಣವಿದ್ದೀತು.

ಆದರೂ ಅನುಕಂಪವನ್ನು ಬೇಡವೆನ್ನುವವರು ಇದ್ದಾರೆ, ಮತ್ತು ಅವರ ಮಾತಿನಲ್ಲಿ ಹುರುಳಿದೆ. ಅಂಗವೈಕಲ್ಯವಿರುವವರ ಸಂಘಟನೆಗಳು ಕೇಳುತ್ತ ಬಂದಿರುವುದು ಅನುಕಂಪವನ್ನಲ್ಲ, ಅವಕಾಶವನ್ನು. 2016ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ ಹೆಸರಿನಲ್ಲಿಯೇ ‘ಹಕ್ಕುಗಳು’ ಎಂಬ ಪದವಿದೆ. ಕನ್ನಡದಲ್ಲಿ ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂತು, ಅದೂ ಸಾಲದೆ ‘ವಿಶೇಷಚೇತನ’ ಬಂತು. ಪದ ಬದಲಾದಷ್ಟು ವೇಗದಲ್ಲಿ ಕಚೇರಿಗಳ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿ ಬರಲಿಲ್ಲ.

ಮತ್ತೆ ಅರ್ಜಿಯ ವಿಷಯಕ್ಕೆ. ಸರ್ಕಾರಿ ನೌಕರ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಅವಲಂಬಿತರಿಗೆ ‘ಅನುಕಂಪದ ಆಧಾರದ ಮೇಲೆ’ ಕೆಲಸ ಕೊಡಲು ಕರ್ನಾಟಕದಲ್ಲಿ 1996ರ ನಿಯಮಗಳಿವೆ. ಇಂಥ ನೇಮಕ ವಂಶಪಾರಂಪರ್ಯದ ಹಕ್ಕಲ್ಲ, ಕುಟುಂಬ ದಿಢೀರನೆ ಬಂದ ಆರ್ಥಿಕ ಬಿಕ್ಕಟ್ಟನ್ನು ದಾಟಲು ಮಾತ್ರ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1994ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ತಳೆದಿದೆ. ಆದ್ದರಿಂದ ಬಿಕ್ಕಟ್ಟು ಇದೆ ಎಂದು ತೋರಿಸುವ ಹೊಣೆ ಕುಟುಂಬದ್ದು. ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ತನ್ನ ಮನೆ ಎಷ್ಟು ಕಷ್ಟದಲ್ಲಿದೆ ಎಂದು ಕಾಗದದ ಮೇಲೆ ಸಾಬೀತು ಮಾಡಬೇಕು. ಅಂಥ ಹೊತ್ತಿನಲ್ಲಿ ಆತನಿಗೋ ಅರ್ಜಿ ಬರೆದುಕೊಡುವವರಿಗೋ ಸಿಗುವ ಪದ ‘ಪೆಥೆಟಿಕ್’. ಭಾರತದ ಇಂಗ್ಲಿಷ್ ಜಾನ್ಸನ್ ಕಾಲದ ನಂತರದ ಅರ್ಥವನ್ನು ಜತನದಿಂದ ಕಾಪಾಡಿಕೊಂಡು ಬಂದಿದೆ. ಇಲ್ಲಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಕೂಲಿಕಾರರ ‘ಪೆಥೆಟಿಕ್’ ಸ್ಥಿತಿ ಎಂದು ಬಂದರೆ ಅದರಲ್ಲಿ ಅಣಕವಿಲ್ಲ.

ದೇಶದೊಳಗಿನ ಅರ್ಜಿಗೆ ಅಷ್ಟು ಸಾಕು. ಹೊರದೇಶದ ವಿಶ್ವವಿದ್ಯಾಲಯಕ್ಕೋ ದತ್ತಿನಿಧಿಗೋ ಬರೆಯುವವರು ಮಾತ್ರ ಆ ಪದವನ್ನು ಕೈಬಿಡುವುದು ಲೇಸು. ಅದರ ಬದಲಿಗೆ ‘ಮೂವಿಂಗ್’, ‘ಟಚಿಂಗ್’, ‘ಪಾಯ್ನ್ಯಂಟ್’ ಎಂಬ ಪದಗಳನ್ನು ಹಾಕಲೂ ಬಾರದು. ಅವು ಕಥೆಗೆ, ಸಿನಿಮಾಕ್ಕೆ, ವಿದಾಯದ ಭಾಷಣಕ್ಕೆ ಒಪ್ಪುತ್ತವೆ. ಸ್ವಂತ ಮನೆಯ ಕಷ್ಟಕ್ಕೆ ಯಾರೂ ಅವನ್ನು ಹಚ್ಚಿಕೊಳ್ಳುವುದಿಲ್ಲ. ಬೇಕಾದದ್ದು ತಂದೆ ತೀರಿಕೊಂಡ ದಿನ, ಮನೆಯಲ್ಲಿ ಎಷ್ಟು ಜನ, ಬರುವ ಹಣ ಎಷ್ಟು, ಸಾಲ ಎಷ್ಟು, ತಂಗಿ ಎಷ್ಟನೇ ತರಗತಿ ಓದುತ್ತಿದ್ದಾಳೆ ಎಂಬ ವಿವರಗಳು.